ಬ್ಯಾಂಕಿಗೂ ಬಾಡಿಗೆ ಮನೆಯೇ?

ದೀಪಾವಳಿ ರಜೆಗೆ ಊರಿಗೆ ಹೋದ ದಿನ ತಾತ ಪಡಸಾಲೆಯಲ್ಲಿ ತಗಡಿನ ಟ್ರಂಕು ತೆರೆದುಕೊಂಡು ಕೂತಿದ್ದರು. ನಮ್ಮದು ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿ. ನಾನು ರಾಯಚೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಇ. ಸಿವಿಲ್ ಮೂರನೇ ವರ್ಷ ಓದುತ್ತಿದ್ದೇನೆ. ಹೊಲದ ಪಹಣಿ, ಹಳೆಯ ಗೊಬ್ಬರದ ಚೀಟಿಗಳ ನಡುವೆ ದಾರ ಸುತ್ತಿದ ಪಾಸ್‌ಬುಕ್ಕುಗಳ ಕಟ್ಟೊಂದಿತ್ತು. ಬಿಚ್ಚಿ ನೋಡಿದರೆ ಒಂದರ ಮೇಲೆ ತುಂಗಭದ್ರಾ ಗ್ರಾಮೀಣ ಬ್ಯಾಂಕ್, ಇನ್ನೊಂದರ ಮೇಲೆ ಪ್ರಗತಿ ಗ್ರಾಮೀಣ ಬ್ಯಾಂಕ್, ಮತ್ತೊಂದರ ಮೇಲೆ ಪ್ರಗತಿ ಕೃಷ್ಣ ಗ್ರಾಮೀಣ ಬ್ಯಾಂಕ್, ಕೊನೆಯದರ ಮೇಲೆ ಕರ್ನಾಟಕ ಗ್ರಾಮೀಣ ಬ್ಯಾಂಕ್. ನಾಲ್ಕೂ ಒಬ್ಬರದೇ, ಒಂದೇ ಶಾಖೆಯವು. ಶಾಖೆ ಇರುವುದು ಊರಿನವರೊಬ್ಬರ ಮನೆಯ ಮುಂಭಾಗದ ಎರಡು ಕೋಣೆಗಳಲ್ಲಿ, ಬಾಡಿಗೆಗೆ.

ಆ ತಿಂಗಳು ತಾತನ ಎರಡೂವರೆ ಲಕ್ಷ ರೂಪಾಯಿಯ ಮುದ್ದತಿ ಠೇವಣಿಯ ಅವಧಿ ಮುಗಿಯುತ್ತಿತ್ತು. ಹತ್ತಿ ಚೆನ್ನಾಗಿ ಬಂದ ವರ್ಷಗಳಲ್ಲಿ ಕೂಡಿಟ್ಟ ದುಡ್ಡದು. ನನ್ನ ಕೊನೆಯ ವರ್ಷದ ಫೀಸು, ತಮ್ಮನ ಓದು ಎಲ್ಲ ಅದರಲ್ಲೇ ಆಗಬೇಕು. ಅಷ್ಟರಲ್ಲಿ ದೇವದುರ್ಗದಲ್ಲಿ ಹೊಸದಾಗಿ ಬಾಗಿಲು ತೆರೆದಿದ್ದ ಫೈನಾನ್ಸ್ ಒಂದರ ಏಜೆಂಟ್ ಮನೆಗೆ ಬಂದು ಹೋಗಿದ್ದ. ನೂರಕ್ಕೆ ಹನ್ನೆರಡು ಬಡ್ಡಿ, ಮೂರಂತಸ್ತಿನ ಸ್ವಂತ ಕಟ್ಟಡ, ಗಾಜಿನ ಬಾಗಿಲು.

‘ನಲವತ್ತು ವರ್ಷದಿಂದ ನೋಡಾಕತ್ತೀನಿ, ಈ ಬ್ಯಾಂಕಿನವ್ರು ಒಂದು ಸ್ವಂತ ಮನಿ ಕಟ್ಟಲಿಲ್ಲ. ಹೆಸರು ಮಾತ್ರ ಬದಲು ಮಾಡಿಕೊಂತ ಹೊಂಟಾರ. ಸ್ವಂತ ಮನಿ ಇಲ್ಲದವ್ರ ಕೈಯಾಗ ನಮ್ಮ ರೊಕ್ಕ ಯಾಕಿಡಬೇಕವ್ವ?’ ಎಂದರು ತಾತ.

ನಗು ಬಂತು, ಆದರೆ ಉತ್ತರ ಬರಲಿಲ್ಲ. ಸಿವಿಲ್ ಓದುವವಳು ನಾನು. ಕಟ್ಟಡಕ್ಕೆ ಬೆಲೆ ಕಟ್ಟುವುದು ಹೇಗೆ ಎಂದು ಅಲ್ಪಸ್ವಲ್ಪ ಗೊತ್ತು. ಬ್ಯಾಂಕಿನ ಲೆಕ್ಕದಲ್ಲಿ ಕಟ್ಟಡಕ್ಕೆ ಯಾವ ಜಾಗವಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ರಾಯಚೂರಿಗೆ ವಾಪಸಾದ ಮೇಲೆ ಪಿಯುಸಿಯಲ್ಲಿ ಕಾಮರ್ಸ್ ಓದಿದ ಗೆಳತಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬ್ಯಾಂಕುಗಳ ಬ್ಯಾಲೆನ್ಸ್ ಶೀಟ್ ಓದಲು ಶುರು ಮಾಡಿದೆ. ಅವಳು ಅದನ್ನು ‘ಅಢಾವೆ ಪತ್ರಿಕೆ’ ಎನ್ನುತ್ತಾಳೆ. ಅವರ ಪಠ್ಯದಲ್ಲಿ ಹಾಗೇ ಇತ್ತಂತೆ.

ಮೊದಲು ತಲೆಕೆಳಗಾದದ್ದು ನನ್ನ ಆಸ್ತಿಯ ಕಲ್ಪನೆ. ನಾವು ಬ್ಯಾಂಕಿನಲ್ಲಿಟ್ಟ ದುಡ್ಡು ನಮಗೆ ಆಸ್ತಿ, ಬ್ಯಾಂಕಿಗೆ ಸಾಲ. ಎಂದಾದರೊಂದು ದಿನ ಅದನ್ನು ನಮಗೆ ತಿರುಗಿ ಕೊಡಬೇಕಲ್ಲ! ಹಾಗಾಗಿ ಠೇವಣಿ ಹೊಣೆಗಳ ಕಡೆ ಕೂರುತ್ತದೆ. ನಾವು ತೆಗೆದುಕೊಂಡ ಬೆಳೆ ಸಾಲ ನಮಗೆ ಹೊರೆ, ಬ್ಯಾಂಕಿಗೆ ಆಸ್ತಿ. ನಮ್ಮ ದೇಶದ ಬ್ಯಾಂಕುಗಳು ಈ ಪಟ್ಟಿಯನ್ನು 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ ಹೇಳಿದ ನಮೂನೆಯಲ್ಲೇ ಬರೆಯಬೇಕು. ಒಂದೊಂದು ಬಾಬಿಗೂ ಒಂದೊಂದು ಶೆಡ್ಯೂಲ್. ಮೂರರಲ್ಲಿ ಠೇವಣಿ, ಆರರಲ್ಲಿ ಕೈಯಲ್ಲಿರುವ ನಗದು ಮತ್ತು ರಿಸರ್ವ್ ಬ್ಯಾಂಕಿನಲ್ಲಿಟ್ಟ ಹಣ, ಎಂಟರಲ್ಲಿ ಹೂಡಿಕೆ, ಒಂಬತ್ತರಲ್ಲಿ ಕೊಟ್ಟ ಸಾಲ. ಹತ್ತನೆಯದು ನಾನು ಹುಡುಕುತ್ತಿದ್ದ ಸ್ಥಿರಾಸ್ತಿ.

ಅಲ್ಲಿ ಇರುವುದು ಎರಡೇ ಭಾಗ. ಒಂದು, ಬ್ಯಾಂಕಿನ ಸ್ವಂತ ಕಟ್ಟಡ ಮತ್ತು ಜಾಗ. ಇನ್ನೊಂದು, ಉಳಿದ ಸ್ಥಿರಾಸ್ತಿ. ಅಂದರೆ ಮೇಜು, ಕುರ್ಚಿ, ತಿಜೋರಿ, ಕಂಪ್ಯೂಟರ್, ಜನರೇಟರ್, ಜೀಪು ಇತ್ಯಾದಿ. ಪ್ರತಿ ಭಾಗದಲ್ಲೂ ನಾಲ್ಕು ಸಾಲು: ಕಳೆದ ಮಾರ್ಚ್ 31ಕ್ಕೆ ಇದ್ದ ಮೂಲ ಬೆಲೆ, ಈ ವರ್ಷ ಸೇರಿದ್ದು, ಈ ವರ್ಷ ತೆಗೆದದ್ದು, ಇದುವರೆಗಿನ ಸವಕಳಿ. ಮೊದಲ ಮೂರನ್ನು ಕೂಡಿ ಕಳೆದು, ಸವಕಳಿಯನ್ನೂ ತೆಗೆದರೆ ಉಳಿಯುವುದೇ ಪುಸ್ತಕದ ಬೆಲೆ.

ಈ ಪುಸ್ತಕದ ಬೆಲೆಗೂ ಪೇಟೆಯ ಬೆಲೆಗೂ ಸಂಬಂಧ ಅಷ್ಟಕ್ಕಷ್ಟೆ. ಲೆಕ್ಕಕ್ಕೆಂದು ಒಂದು ಶಾಖೆಯನ್ನು ಊಹಿಸಿಕೊಳ್ಳಿ. 1985ರಲ್ಲಿ ಬ್ಯಾಂಕೊಂದು ರಾಯಚೂರಿನ ತೀನ್ ಕಂದೀಲ್ ಹತ್ತಿರ 20 ಸಾವಿರ ರೂಪಾಯಿಗೆ ಜಾಗ ಕೊಂಡು, 1.80 ಲಕ್ಷ ಖರ್ಚು ಮಾಡಿ ಕಟ್ಟಡ ಕಟ್ಟಿತು ಎನ್ನೋಣ. ಸ್ವಂತ ನೆಲಕ್ಕೆ ಸವಕಳಿ ಹಾಕುವುದಿಲ್ಲ, ಯಾಕೆಂದರೆ ನೆಲ ಸವೆಯುವುದಿಲ್ಲ. ಕಟ್ಟಡದ ಆಯುಷ್ಯ 60 ವರ್ಷ ಎಂದು ಹಿಡಿದರೆ ವರ್ಷಕ್ಕೆ 3 ಸಾವಿರ ಸವಕಳಿ. 40 ವರ್ಷಕ್ಕೆ 1.20 ಲಕ್ಷ ಹೋಯಿತು. 2025ರಲ್ಲಿ ಪುಸ್ತಕದಲ್ಲಿ ಉಳಿದದ್ದು ಕಟ್ಟಡದ 60 ಸಾವಿರ, ಜಾಗದ 20 ಸಾವಿರ, ಒಟ್ಟು 80 ಸಾವಿರ ರೂಪಾಯಿ. ಇವತ್ತು ಆ ಬೆಲೆಗೆ ತೀನ್ ಕಂದೀಲ್‌ನಲ್ಲಿ ಜಾಗ ಕೇಳಿದರೆ ಜನ ನಮ್ಮ ಮುಖ ನೋಡಿ ನಕ್ಕಾರು. ಕಂಪ್ಯೂಟರಿನ ಕಥೆ ಬೇರೆ. ಬ್ಯಾಂಕುಗಳಲ್ಲಿ ಅದರ ಬೆಲೆಯನ್ನು ಸಾಮಾನ್ಯವಾಗಿ ಮೂರು ವರ್ಷಗಳಲ್ಲಿ ತೊಡೆದುಹಾಕುತ್ತಾರೆ. 60 ಸಾವಿರದ ಕಂಪ್ಯೂಟರ್ ವರ್ಷಕ್ಕೆ 20 ಸಾವಿರದಂತೆ ಸವೆದು ನಾಲ್ಕನೇ ವರ್ಷ ಪುಸ್ತಕದಲ್ಲಿ ಸೊನ್ನೆಯಾಗುತ್ತದೆ. ಮೇಜಿನ ಮೇಲೆ ಮಾತ್ರ ಇನ್ನೂ ನಡೆಯುತ್ತಿರಬಹುದು.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ಸವಕಳಿ ಲಾಭವನ್ನು ಕಡಿಮೆ ಮಾಡುತ್ತದೆ, ಆದರೆ ಆ ದುಡ್ಡು ಆ ವರ್ಷ ಯಾರ ಕೈಗೂ ಹೋಗುವುದಿಲ್ಲ. ಕೊಂಡ ದಿನವೇ ಅದು ಹೋಗಿರುತ್ತದೆ. ಬಾಡಿಗೆ ಹಾಗಲ್ಲ, ತಿಂಗಳು ತಿಂಗಳು ಹೊರಗೆ ಹೋಗುವ ನಗದು. ಅದನ್ನು ಹುಡುಕಬೇಕಾದದ್ದು ಖರ್ಚಿನ ಪಟ್ಟಿಯಾದ ಶೆಡ್ಯೂಲ್ 16ರಲ್ಲಿ. ಅಲ್ಲಿ ‘ಬಾಡಿಗೆ, ತೆರಿಗೆ ಮತ್ತು ದೀಪ’ ಎಂಬ ಹಳೆಯ ಕಾಲದ ಒಂದು ಬಾಬಿದೆ. ನಮ್ಮೂರಿನ ಶಾಖೆಯ ಆ ಎರಡು ಕೋಣೆಗಳು ಬ್ಯಾಂಕಿನ ಆಸ್ತಿಯಲ್ಲಿ ಎಲ್ಲೂ ಇಲ್ಲ. ಅವು ಇರುವುದು ಈ ಬಾಬಿನ ಒಳಗೆ, ಸಾವಿರಾರು ಬಾಡಿಗೆ, ಕರೆಂಟು ಬಿಲ್ಲುಗಳ ಜೊತೆ ಕರಗಿಕೊಂಡು.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ತಾತ ಕೇಳಿದರು: ‘ಹಂಗಾರ ನಮ್ಮ ಹೊಲದ ಪಹಣ್ಯಾಗ ಬ್ಯಾಂಕಿನ ಭೋಜಾ ಐತಲ್ಲ, ಅದೂ ಅವರ ಆಸ್ತಿನಾ?’

ಒಳ್ಳೆಯ ಪ್ರಶ್ನೆ. ಅಡವಿಟ್ಟ ಹೊಲ ಬ್ಯಾಂಕಿನ ಸ್ಥಿರಾಸ್ತಿ ಅಲ್ಲ. ಆ ಹೊಲದ ಮೇಲೆ ಕೊಟ್ಟ ಸಾಲದ ಮೊತ್ತ ಶೆಡ್ಯೂಲ್ ಒಂಬತ್ತರಲ್ಲಿ ಸೇರಿರುತ್ತದೆ, ಅಷ್ಟೆ. ತಿಜೋರಿಯಲ್ಲಿ ಅಡವಿಟ್ಟ ನಮ್ಮವ್ವನ ಬಂಗಾರದ ಸರವೂ ಹಾಗೇ. ತಿಜೋರಿ ಬ್ಯಾಂಕಿನ ಸ್ಥಿರಾಸ್ತಿ, ಅದರೊಳಗಿನ ಸರ ನಮ್ಮದು. ಸಾಲ ಮುಳುಗಿ, ಅದರ ಬದಲಿಗೆ ಬ್ಯಾಂಕು ಯಾರದಾದರೂ ಜಾಗವನ್ನು ತನ್ನದಾಗಿಸಿಕೊಂಡರೂ ಅದನ್ನು ತೋರಿಸುವುದು ಹನ್ನೊಂದನೇ ಶೆಡ್ಯೂಲಿನ ‘ಇತರ ಆಸ್ತಿ’ಯಲ್ಲಿ. ಸ್ಥಿರಾಸ್ತಿ ಎಂದರೆ ಬ್ಯಾಂಕು ತನ್ನ ಕೆಲಸ ನಡೆಸಲು ಇಟ್ಟುಕೊಂಡ ಸ್ವಂತ ವಸ್ತು ಮಾತ್ರ.

ಹೀಗೆ ಎಲ್ಲ ಸೋಸಿದ ಮೇಲೆ ಉಳಿಯುವುದೆಷ್ಟು? ನಮ್ಮ ದೇಶದ ಬ್ಯಾಂಕುಗಳ ಒಟ್ಟು ಆಸ್ತಿಯನ್ನು ನೂರು ರೂಪಾಯಿ ಎಂದುಕೊಂಡರೆ ಸ್ಥಿರಾಸ್ತಿ ಸಾಮಾನ್ಯವಾಗಿ ಒಂದು ರೂಪಾಯಿಗೂ ಕಡಿಮೆ. ಮೊದಲ ಸಲ ನೋಡಿದಾಗ ಸೊನ್ನೆ ಎಣಿಸುವುದರಲ್ಲಿ ತಪ್ಪಿದೆನೇನೋ ಎಂದು ಮತ್ತೆ ಎಣಿಸಿದೆ. ತಪ್ಪಿರಲಿಲ್ಲ.

ಯೋಚಿಸಿದರೆ ಇದೇ ಸರಿ. ಗೋಡೆಗೆ ಹಾಕಿದ ದುಡ್ಡು ಬಡ್ಡಿ ತರುವುದಿಲ್ಲ. ನಾಳೆ ನೂರು ಜನ ಒಟ್ಟಿಗೆ ಬಂದು ಠೇವಣಿ ಕೇಳಿದರೆ ಇಟ್ಟಿಗೆ ಕಿತ್ತು ಕೊಡಲಾಗದು. ಸ್ವಂತ ಕಟ್ಟಡಗಳ ಬೆಲೆ ಏರಿದಾಗಲೂ ಅದನ್ನು ಪೂರ್ತಿ ನಂಬಬಾರದು ಎಂಬುದು ರಿಸರ್ವ್ ಬ್ಯಾಂಕಿನ ನಿಲುವು. 2016-17ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ತನ್ನ ಜಾಗ, ಕಟ್ಟಡಗಳಿಗೆ ಹೊಸದಾಗಿ ಬೆಲೆ ಕಟ್ಟಿಸಿ 30 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಮೀಸಲನ್ನು ಲೆಕ್ಕದಲ್ಲಿ ತೋರಿಸಿತು. ಅದಕ್ಕೆ ತುಸು ಮೊದಲು, 2016ರ ಮಾರ್ಚ್‌ನಲ್ಲಿ, ರಿಸರ್ವ್ ಬ್ಯಾಂಕು ವಾಣಿಜ್ಯ ಬ್ಯಾಂಕುಗಳಿಗೆ ಒಂದು ಅನುಮತಿ ಕೊಟ್ಟಿತ್ತು: ಇಂಥ ಏರಿಕೆಯನ್ನು ಮುಖ್ಯ ಬಂಡವಾಳದಲ್ಲಿ ಸೇರಿಸಬಹುದು, ಆದರೆ ಶೇ 55ರಷ್ಟನ್ನು ಕಳೆದು. ನೂರು ರೂಪಾಯಿ ಏರಿದರೆ 45 ಮಾತ್ರ ಲೆಕ್ಕಕ್ಕೆ. ದೇಶದ ಅತಿ ದೊಡ್ಡ ಬ್ಯಾಂಕಿನ ಕಟ್ಟಡಗಳಿಗೇ ಈ ಗತಿ ಎಂದ ಮೇಲೆ ಗಾಜಿನ ಬಾಗಿಲಿಗೆ ಎಷ್ಟು ಅಂಕ ಕೊಡಬೇಕು?

ಹಾಗಾದರೆ ನಮ್ಮ ಠೇವಣಿಗೆ ಆಸರೆ ಯಾವುದು? ಕೊಟ್ಟ ಸಾಲ ವಸೂಲಾಗುತ್ತಿದೆಯೇ, ನಷ್ಟ ತಾಳಿಕೊಳ್ಳುವಷ್ಟು ಬಂಡವಾಳ ಇದೆಯೇ, ಕೂಡಲೇ ಕೊಡಬಲ್ಲ ನಗದು ಮತ್ತು ಸರ್ಕಾರಿ ಸಾಲಪತ್ರಗಳು ಇವೆಯೇ ಎಂಬುದು ಮೊದಲನೆಯದು. ಎರಡನೆಯದು ಮಾಲೀಕರು ಯಾರು ಎಂಬುದು. ಗ್ರಾಮೀಣ ಬ್ಯಾಂಕಿನ ಬಂಡವಾಳದಲ್ಲಿ ಕೇಂದ್ರ ಸರ್ಕಾರದ್ದು ಶೇ 50, ಪ್ರಾಯೋಜಕ ಬ್ಯಾಂಕಿನದ್ದು ಶೇ 35, ರಾಜ್ಯ ಸರ್ಕಾರದ್ದು ಶೇ 15. ಮೂರನೆಯದು ಠೇವಣಿ ವಿಮೆ. 2020ರ ಫೆಬ್ರುವರಿ 4ರಿಂದ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ ಅಸಲು, ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. ಮೊದಲು ಇದ್ದದ್ದು 1 ಲಕ್ಷ. ಗ್ರಾಮೀಣ ಬ್ಯಾಂಕಿಗೂ ಇದು ಅನ್ವಯ. ಪತ್ತಿನ ಸಂಘಗಳ ಮತ್ತು ಫೈನಾನ್ಸ್ ಕಂಪನಿಗಳ ಠೇವಣಿಗೆ ಈ ವಿಮೆ ಇಲ್ಲ. ತಾತನ ಎರಡೂವರೆ ಲಕ್ಷ ಬಾಡಿಗೆ ಕೋಣೆಯಲ್ಲಿದ್ದರೂ ವಿಮೆಯೊಳಗಿತ್ತು. ಮೂರಂತಸ್ತಿನ ಕಟ್ಟಡಕ್ಕೆ ಹೋದರೆ ಅದರ ಹೊರಗೆ.

ಇಷ್ಟು ಹೇಳಿದರೂ ತಾತ ‘ಹ್ಞೂಂ’ ಎಂದರಷ್ಟೆ. ಅವರ ಮನಸ್ಸು ತಿರುಗಿಸಿದ್ದು ನನ್ನ ಶೆಡ್ಯೂಲುಗಳಲ್ಲ, ಮಾನ್ವಿಯಲ್ಲಿರುವ ನನ್ನ ಸೋದರತ್ತೆ. ಅತ್ತೆ ಹೊಲಿಗೆ ಕೆಲಸ ಮಾಡುತ್ತಾರೆ. ಕೆಲವು ವರ್ಷಗಳ ಹಿಂದೆ ಅಲ್ಲಿನ ಒಂದು ಖಾಸಗಿ ಸಂಸ್ಥೆಯಲ್ಲಿ ದಿನಕ್ಕಿಷ್ಟು ಎಂದು ಪಿಗ್ಮಿ ಕಟ್ಟಿ 80 ಸಾವಿರ ರೂಪಾಯಿ ಕೂಡಿಸಿದ್ದರು. ಒಂದು ಸೋಮವಾರ ಹೋದರೆ ಶಟರ್ ಎಳೆದಿತ್ತು. ಆಮೇಲೆ ಅದು ತೆರೆಯಲೇ ಇಲ್ಲ. ಮುಂದಿನ ವಾರ ಊರಿಗೆ ಬಂದ ಅತ್ತೆ ತಾತನ ಮುಂದೆ ಕೂತು ಹೇಳಿದ್ದು ಇಷ್ಟೆ: ‘ಅಪ್ಪಾ, ಆ ಕಟ್ಟಡ ಈಗೂ ಹಂಗೇ ಐತಿ. ಕೆಳಗ ಮಾರ್ಬಲ್ಲು, ಮ್ಯಾಲ ಬಣ್ಣ, ಒಂಚೂರೂ ಮಾಸಿಲ್ಲ. ದಿನಾ ಅದರ ಮುಂದನ ಹಾದು ಹೋಗ್ತೀನಿ. ನನ್ನ ರೊಕ್ಕ ಮಾತ್ರ ಇಲ್ಲ.’

ತಾತ ಮರುದಿನವೇ ಬ್ಯಾಂಕಿಗೆ ಹೋಗಿ ಠೇವಣಿಯನ್ನು ಮುಂದುವರಿಸಿ ಬಂದರು. ಆದರೆ ಸಂಜೆ ಕಟ್ಟೆಯ ಮೇಲೆ ಕೂತು ಇನ್ನೊಂದು ಪ್ರಶ್ನೆ ಕೇಳಿದರು: ‘ರೊಕ್ಕಕ್ಕ ಭಯ ಇಲ್ಲ, ಒಪ್ಪಿದೆ. ಆದರ ಬಾಡಿಗಿ ಮನ್ಯಾಗ ಇರಾವ್ರಿಗೆ ಗಂಟು ಕಟ್ಟಾಕ ಎಷ್ಟೊತ್ತು ಬೇಕವ್ವ?’

ಈ ಬರಹ ಬರೆಯಲು ಕಾರಣವೇ ಆ ಪ್ರಶ್ನೆ. ಯಾಕೆಂದರೆ ಅದು ಈಗಿನ ಸುದ್ದಿಗೆ ನೇರವಾಗಿ ಸಂಬಂಧಿಸಿದ್ದು. ‘ಒಂದು ರಾಜ್ಯ, ಒಂದು ಗ್ರಾಮೀಣ ಬ್ಯಾಂಕ್’ ನೀತಿಯಂತೆ 2025ರ ಮೇ 1ರಿಂದ ದೇಶದ 43 ಗ್ರಾಮೀಣ ಬ್ಯಾಂಕುಗಳು 28ಕ್ಕೆ ಇಳಿದಿವೆ. ನಮ್ಮಲ್ಲಿ ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕು ಮತ್ತು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಒಂದಾಗಿ, ಬಳ್ಳಾರಿಯಲ್ಲೇ ಪ್ರಧಾನ ಕಚೇರಿ ಇರುವ, ಕೆನರಾ ಬ್ಯಾಂಕ್ ಪ್ರಾಯೋಜಿತ ಒಂದೇ ಬ್ಯಾಂಕು ಆಗಿದೆ. ಕನ್ನಡದಲ್ಲಿ ಹೆಸರು ಕೇಳಲು ಹೆಚ್ಚುಕಡಿಮೆ ಮೊದಲಿನದೇ. ಶಾಖೆಗಳು ಮಾತ್ರ 1,700ಕ್ಕೂ ಹೆಚ್ಚು.

ಒಂದಾಗುವುದು ನಮಗೆ ಹೊಸದಲ್ಲ ಎಂದು ತಾತನ ಪಾಸ್‌ಬುಕ್ಕುಗಳೇ ಹೇಳುತ್ತವೆ. 1976ರಲ್ಲಿ ಬಳ್ಳಾರಿ, ರಾಯಚೂರು ಜಿಲ್ಲೆಗಳಿಗೆಂದು ತುಂಗಭದ್ರಾ ಗ್ರಾಮೀಣ ಬ್ಯಾಂಕು ಶುರುವಾಯಿತು. 2005ರಲ್ಲಿ ಚಿತ್ರದುರ್ಗ, ಕೋಲಾರ, ಸಹ್ಯಾದ್ರಿ ಬ್ಯಾಂಕುಗಳ ಜೊತೆ ಸೇರಿ ಪ್ರಗತಿಯಾಯಿತು. 2013ರಲ್ಲಿ ಕಲಬುರಗಿಯ ಕೃಷ್ಣಾ ಗ್ರಾಮೀಣ ಬ್ಯಾಂಕು ಸೇರಿ ಪ್ರಗತಿ ಕೃಷ್ಣ, 2019ರಲ್ಲಿ ಕಾವೇರಿ ಸೇರಿ ಕರ್ನಾಟಕ ಗ್ರಾಮೀಣ. ನಮ್ಮ ಭಾಗದ ಇನ್ನೊಂದು ಹಳೆಯ ಬ್ಯಾಂಕಾದ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಕೂಡ 2017ರ ಏಪ್ರಿಲ್ 1ರಂದು ಎಸ್‌ಬಿಐ ಒಳಗೆ ಸೇರಿಹೋಯಿತು. ಇಷ್ಟೆಲ್ಲ ಆದರೂ ನಮ್ಮೂರಿನ ಎರಡು ಕೋಣೆಗಳ ಬಾಗಿಲು ದಿನಾ ತೆರೆಯುತ್ತಲೇ ಬಂದಿದೆ.

ಬ್ಯಾಂಕುಗಳು ಒಂದಾದಾಗ ಖರ್ಚು ಉಳಿಸುವ ಮಾತು ಬರುವುದು ಸಹಜ. ಒಂದೇ ಬೀದಿಯಲ್ಲಿ ಎರಡು ಶಾಖೆಗಳಿದ್ದರೆ ಒಂದು ಮಾಡುವುದರಲ್ಲಿ ತಪ್ಪೇನಿಲ್ಲ. ಆದರೆ ದೇವದುರ್ಗದಂಥ ತಾಲ್ಲೂಕಿನಲ್ಲಿ ಶಾಖೆ ದೂರವಾದರೆ ಏನಾಗುತ್ತದೆ ಎಂಬುದಕ್ಕೆ ಲೆಕ್ಕ ಬೇರೆಯೇ ಇದೆ. 2002ರ ನಂಜುಂಡಪ್ಪ ಸಮಿತಿಯ ವರದಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿಟ್ಟಿತ್ತು. ವೃದ್ಧಾಪ್ಯ ವೇತನ, ಉದ್ಯೋಗ ಖಾತ್ರಿಯ ಕೂಲಿ, ಸ್ವಸಹಾಯ ಸಂಘದ ಸಾಲ, ಬೆಳೆ ಸಾಲ ಎಲ್ಲಕ್ಕೂ ಜನ ಹತ್ತುವುದು ಅದೇ ಬಾಡಿಗೆ ಮನೆಯ ಮೆಟ್ಟಿಲು. ಅದು ದೂರ ಹೋದರೆ ಆಟೊ ಚಾರ್ಜು ಒಂದು ಕಡೆ, ಒಂದು ದಿನದ ಕೂಲಿ ಇನ್ನೊಂದು ಕಡೆ. ಹೆಬ್ಬೆಟ್ಟು ಒತ್ತಿಸಿಕೊಂಡು ದುಡ್ಡು ಕೊಡುವ ಯಂತ್ರ ಊರಲ್ಲಿದೆ, ನಿಜ. ವರ್ಷಗಟ್ಟಲೆ ಹತ್ತಿ ಬಿಡಿಸಿ ಬೆರಳ ಗೆರೆ ಸವೆದವರನ್ನು ಅದು ಕೆಲವೊಮ್ಮೆ ಗುರುತೇ ಹಿಡಿಯುವುದಿಲ್ಲ. ಆ ಸವಕಳಿಗೆ ಯಾವ ಶೆಡ್ಯೂಲೂ ಇಲ್ಲ.

ಹಾಗೆಂದು ಬರೀ ಭಯಪಟ್ಟರೆ ಪ್ರಯೋಜನವಿಲ್ಲ. 2026ರ ಮಾರ್ಚ್ 31ಕ್ಕೆ ಮುಗಿಯುವ ವರ್ಷದ್ದು ಒಂದಾದ ಬ್ಯಾಂಕಿನ ಮೊದಲ ವಾರ್ಷಿಕ ಲೆಕ್ಕಪತ್ರ. ಅದನ್ನು ಓದುವಾಗ ನನ್ನಂಥ ಹೊಸಬರು ನೋಡಬಹುದಾದ ಮೂರು ಅಂಕಿಗಳಿವೆ. ಮೊದಲನೆಯದು ಶೆಡ್ಯೂಲ್ 10. ಅಲ್ಲಿ ‘ಸೇರಿದ್ದು’ ದೊಡ್ಡದಾಗಿ ಕಂಡರೆ ಬ್ಯಾಂಕು ಹೊಸ ಕಟ್ಟಡ ಕೊಂಡಿತು ಎಂದು ಹಿಗ್ಗಬಾರದು. ಧಾರವಾಡದ ಬ್ಯಾಂಕಿನಿಂದ ಬಂದ ಆಸ್ತಿಯೂ ಅದರಲ್ಲಿರಬಹುದು. ಎರಡೂ ಹಳೆಯ ಬ್ಯಾಂಕುಗಳ 2025ರ ಮಾರ್ಚ್ ಅಂಕಿಗಳನ್ನು ಕೂಡಿಸಿ, ಆಮೇಲೆ ಹೋಲಿಸಬೇಕು. ಎರಡನೆಯದು ಶೆಡ್ಯೂಲ್ 16ರ ಬಾಡಿಗೆಯ ಬಾಬು. ಅದು ಇಳಿದಿದ್ದರೆ ಉಳಿತಾಯ ಎಂದು ಮೆಚ್ಚುವ ಮೊದಲು ಮೂರನೆಯ ಅಂಕಿ ನೋಡಬೇಕು. ಅದು ಶಾಖೆಗಳ ಸಂಖ್ಯೆ, ಅದರಲ್ಲೂ ಹಳ್ಳಿಯ ಶಾಖೆಗಳದ್ದು. ಬಾಡಿಗೆ ಇಳಿದು ಶಾಖೆಗಳು ಅಷ್ಟೇ ಇದ್ದರೆ ಬ್ಯಾಂಕು ಜಾಣತನದಿಂದ ಖರ್ಚು ಉಳಿಸಿದೆ. ಎರಡೂ ಇಳಿದಿದ್ದರೆ ಯಾವ ಊರುಗಳದ್ದು ಎಂದು ಕೇಳುವ ಹಕ್ಕು ನಮಗಿದೆ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಬ್ಯಾಂಕರುಗಳ ಸಭೆ ನಡೆಯುತ್ತದೆ. ನಮ್ಮ ಪ್ರತಿನಿಧಿಗಳ ಮೂಲಕ ಅಲ್ಲಿಗೆ ಈ ಪ್ರಶ್ನೆ ಮುಟ್ಟಿಸಬಹುದು.

ತಾತನ ಎರಡನೇ ಪ್ರಶ್ನೆಗೆ ಹತ್ತನೇ ಶೆಡ್ಯೂಲಿನಲ್ಲಿ ಉತ್ತರ ಇರಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಸ್ಥಿರಾಸ್ತಿ ಕಡಿಮೆ ಇರುವುದು ಠೇವಣಿಗೆ ಕ್ಷೇಮ. ಅದೇ ಕಾರಣಕ್ಕೆ ಬ್ಯಾಂಕಿನ ಬೇರು ನಮ್ಮೂರಿನ ನೆಲದಲ್ಲಿ ಆಳಕ್ಕೆ ಇಳಿದಿಲ್ಲ ಎಂಬುದೂ ನಿಜ. ಅದನ್ನು ಹಿಡಿದಿಟ್ಟಿರುವುದು ಮೂರನೇ ಮತ್ತು ಒಂಬತ್ತನೇ ಶೆಡ್ಯೂಲು: ನಾವು ಇಟ್ಟ ಠೇವಣಿ, ನಾವು ತೆಗೆದುಕೊಂಡು ತೀರಿಸಿದ ಸಾಲ. ಗ್ರಾಮೀಣ ಬ್ಯಾಂಕುಗಳು ತಮ್ಮ ಸಾಲದಲ್ಲಿ ಶೇ 75ರಷ್ಟನ್ನು ಕೃಷಿ, ಸಣ್ಣ ಉದ್ದಿಮೆಯಂಥ ಆದ್ಯತಾ ವಲಯಕ್ಕೆ ಕೊಡಬೇಕೆಂಬ ಗುರಿಯಿದೆ. ಆ ಸಾಲ ಕೊಡಲು ಅವರಿಗೆ ನಮ್ಮಂಥ ಊರುಗಳೇ ಬೇಕು. ಎಲ್ಲರೂ ಹೆಚ್ಚಿನ ಬಡ್ಡಿಗೆಂದು ಗಾಜಿನ ಬಾಗಿಲಿಗೆ ಠೇವಣಿ ಒಯ್ದರೆ, ಶಾಖೆ ಗಂಟು ಕಟ್ಟಲು ನಾವೇ ಕಾರಣ ಒದಗಿಸಿದಂತೆ.

ಇದನ್ನು ಹೇಳಿದಾಗ ತಾತ ಪಾಸ್‌ಬುಕ್ಕುಗಳಿಗೆ ಮತ್ತೆ ದಾರ ಸುತ್ತುತ್ತಿದ್ದರು. ಹೊಸ ಠೇವಣಿ ರಸೀದಿಯನ್ನು ಮೇಲಿಟ್ಟು ಟ್ರಂಕು ಮುಚ್ಚಿದರು. ‘ಹೊಸ ಲೆಕ್ಕ ಬಂದಾಗ ಆ ಬಾಡಿಗಿ ಎಷ್ಟಂತ ಓದಿ ಹೇಳು’ ಎಂದರು.

ಓದಿ ಹೇಳುತ್ತೇನೆ ಎಂದಿದ್ದೇನೆ.